ಬ್ರೇಕ್ ಹಾಕದೆ ಗುದ್ದಿದ ಕಾರು: ಬೈಕ್ ಮೇಲೆ ಉಳಿಯುವ ಸಾಕ್ಷಿ

ಬೈಕಿಗೆ ಗುದ್ದಿದ ಚಾಲಕರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಬೈಕ್ ಏಕಾಏಕಿ ಎದುರಿಗೆ ಬಂತು, ಬ್ರೇಕ್ ಹಾಕಿದರೂ ನಿಲ್ಲಲಿಲ್ಲ.’ ಇದರ ಮೊದಲರ್ಧವನ್ನು ಪರೀಕ್ಷಿಸುವುದು ಕಷ್ಟ, ಎರಡನೆಯದನ್ನು ಅಳತೆಪಟ್ಟಿ ಹಿಡಿದು ನೋಡಬಹುದು. ಚಾಲಕನ ಗಮನ ರಸ್ತೆಯ ಮೇಲಿರಲಿಲ್ಲ ಎಂದು ತೋರಿಸಬೇಕಾದರೆ ಅವನ ಫೋನ್ ಸಿಗಲೇಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಅಪಘಾತದ ತನಿಖೆ ಮಾಡುವವರು ಮೊದಲು ಹುಡುಕುವುದು ಫೋನನ್ನಲ್ಲ. ಡಿಕ್ಕಿಗೆ ಮುಂಚೆ ಕಾರು ಬ್ರೇಕ್ ಹಿಡಿದಿತ್ತೇ ಎಂಬುದನ್ನು.

ಲೆಕ್ಕ ಸರಳ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ರಸ್ತೆ ನೋಡುತ್ತಿರುವ ಚಾಲಕನಿಗೆ ಅಪಾಯ ಗುರುತಿಸಿ ಕಾಲನ್ನು ಬ್ರೇಕಿಗೆ ತರಲು 1.5 ಸೆಕೆಂಡ್ ಹಿಡಿಯಿತು ಎನ್ನೋಣ, ಅದು 25 ಮೀಟರ್. ಒಣ ಡಾಂಬರಿನ ಮೇಲೆ ಬಲವಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೊಂದು 20 ಮೀಟರ್. ಅಂದರೆ 45 ಮೀಟರ್ ಮುಂದೆ ನಿಂತಿದ್ದ ಬೈಕಿನ ಹತ್ತಿರ ಅವನು ಕೂದಲೆಳೆಯ ಅಂತರದಲ್ಲಿ ನಿಲ್ಲುತ್ತಾನೆ. ಅದೇ ಜಾಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದವನು ತಲೆಯೆತ್ತುವ ಹೊತ್ತಿಗೆ 33 ಮೀಟರ್ ಮುಗಿದಿರುತ್ತದೆ. ಉಳಿದ 12 ಮೀಟರ್‌ನಲ್ಲಿ ಕಾಲು ಬ್ರೇಕನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಗಮನ ತಪ್ಪಿದ ಡಿಕ್ಕಿಯಲ್ಲಿ ಕಾರು ಬರುತ್ತಿದ್ದ ವೇಗವೂ ಗುದ್ದಿದ ವೇಗವೂ ಸಾಮಾನ್ಯವಾಗಿ ಒಂದೇ ಆಗಿರುತ್ತವೆ. ನಾವು ಹುಡುಕುವುದು ಈ ಲಕ್ಷಣವನ್ನೇ.

ಹಿಂದೆ ಇದಕ್ಕೆ ರಸ್ತೆಯ ಮೇಲಿನ ಕಪ್ಪು ಟೈರ್ ಗೆರೆ ಸಾಕಾಗುತ್ತಿತ್ತು. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರು ಬಲವಾಗಿ ಬ್ರೇಕ್ ಹಿಡಿದರೂ ಗೆರೆ ಮೂಡದಿರಬಹುದು, ಮೂಡಿದರೂ ಮಸುಕು. ಆದ್ದರಿಂದ ‘ಗುರುತಿಲ್ಲ, ಹಾಗಾದರೆ ಬ್ರೇಕೇ ಹಾಕಿಲ್ಲ’ ಎಂಬ ವಾದ ಈಗ ನಿಲ್ಲುವುದಿಲ್ಲ. ಬದಲಿಗೆ ನೋಡಬೇಕಾದದ್ದು ಎತ್ತರ. ಜೋರಾಗಿ ಬ್ರೇಕ್ ಹಿಡಿದ ಕಾರಿನ ಮೂತಿ ಕೆಲವು ಸೆಂಟಿಮೀಟರ್ ಕೆಳಗೆ ಬಗ್ಗುತ್ತದೆ. ಬಂಪರಿನ ಅಂಚು ಬೈಕಿನ ಹಿಂದಿನ ಮಡ್‌ಗಾರ್ಡ್, ನಂಬರ್ ಪ್ಲೇಟಿನ ಪಟ್ಟಿ, ಸೈಲೆನ್ಸರ್ ತುದಿಗೆ ಬಿದ್ದ ಜಾಗವನ್ನು ನೆಲದಿಂದ ಅಳೆದು, ನಿಂತ ಕಾರಿನ ಬಂಪರ್ ಎತ್ತರದೊಂದಿಗೆ ಹೋಲಿಸಬೇಕು. ಎರಡೂ ತಾಳೆಯಾದರೆ ಕಾರು ಬಗ್ಗಿರಲಿಲ್ಲ, ಅಂದರೆ ಜೋರಾಗಿ ಬ್ರೇಕ್ ಹಿಡಿದಿರಲಿಲ್ಲ. ಇಲ್ಲಿ ಅನುಭವವಿಲ್ಲದವರು ಎಡವುವುದು ಬೈಕಿನ ಕಡೆ. ಸವಾರ ಕೂತಾಗ ಹಿಂದಿನ ಸಸ್ಪೆನ್ಷನ್ ಸುಮಾರು 3 ಸೆಂ.ಮೀ. ಇಳಿದಿರುತ್ತದೆ, ಅವನೇ ಬ್ರೇಕ್ ಹಿಡಿದಿದ್ದರೆ ಬಾಲ ಮೇಲೆದ್ದಿರುತ್ತದೆ. ಖಾಲಿ ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಳೆದರೆ ಲೆಕ್ಕವೆಲ್ಲ ತಲೆಕೆಳಗು. ಸವಾರನಷ್ಟೇ ತೂಕದವರನ್ನು ಕೂರಿಸಿ, ಎರಡೂ ಚಕ್ರದ ಗಾಳಿ ಸರಿಮಾಡಿ, ಸಮತಟ್ಟು ನೆಲದಲ್ಲಿ ಅಳೆಯಬೇಕು. ಹಿಂಭಾಗ ಪೂರ್ತಿ ಜಜ್ಜಿಹೋಗಿದ್ದರೆ ಅದೇ ಮಾದರಿಯ ಇನ್ನೊಂದು ಬೈಕ್ ತರಿಸಿ ಅಳೆಯುವುದೇ ವಾಸಿ.

‘ಕಾರಿನಲ್ಲೇ ಎಲ್ಲ ದಾಖಲಾಗಿರುತ್ತದಲ್ಲ’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಇಡಿಆರ್ ಎಂದು ಕರೆಯುವ ದಾಖಲೆ ಘಟಕ ಏರ್‌ಬ್ಯಾಗ್ ಕಂಪ್ಯೂಟರಿನೊಳಗೆ ಇರುತ್ತದೆ. ಡಿಕ್ಕಿಗೆ ಮುಂಚಿನ ಸುಮಾರು 5 ಸೆಕೆಂಡಿನ ವೇಗ, ಬ್ರೇಕ್ ಒತ್ತಿತ್ತೇ ಇಲ್ಲವೇ, ಆಕ್ಸಿಲರೇಟರ್ ಎಷ್ಟಿತ್ತು ಎಂಬುದನ್ನು ಅದು ಉಳಿಸಿಕೊಳ್ಳುತ್ತದೆ. ಆದರೆ ದಾಖಲೆ ಶುರುವಾಗಲು ಒಂದು ಮಿತಿಯಿದೆ: ಸಾಮಾನ್ಯವಾಗಿ 150 ಮಿಲಿಸೆಕೆಂಡಿನೊಳಗೆ ಕಾರಿನ ವೇಗ 8 ಕಿ.ಮೀ.ನಷ್ಟು ಬದಲಾಗಬೇಕು, ಇಲ್ಲವೇ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕು. ಈಗ 1,400 ಕಿಲೋ ಕಾರು 50 ಕಿ.ಮೀ. ವೇಗದಲ್ಲಿ ಬಂದು, ಸವಾರನೂ ಸೇರಿ 220 ಕಿಲೋ ತೂಗುವ ನಿಂತ ಬೈಕಿಗೆ ಗುದ್ದಿತು ಎನ್ನಿ. ಬೈಕಿನ ವೇಗ ಸೊನ್ನೆಯಿಂದ ಸುಮಾರು 43ಕ್ಕೆ ಏರುತ್ತದೆ, ಕಾರಿನದು ಇಳಿಯುವುದು 7 ಕಿ.ಮೀ.ಗಿಂತ ಕಡಿಮೆ. ಸವಾರ ಸೀಟಿನಿಂದ ಜಾರಿ ಬಾನೆಟ್ ಮೇಲೆ ಬೀಳುವುದರಿಂದ ಕಾರಿಗೆ ತಟ್ಟುವ ಪೆಟ್ಟು ಇನ್ನೂ ಕಡಿಮೆ. ಸವಾರನ ಸೊಂಟ ಮುರಿದ ಡಿಕ್ಕಿ ಕಾರಿನ ಲೆಕ್ಕದಲ್ಲಿ ಆಗಿಯೇ ಇಲ್ಲ! ಕೆಲವೊಮ್ಮೆ ಅಲ್ಪ ದಾಖಲೆ ಉಳಿದರೂ ಏರ್‌ಬ್ಯಾಗ್ ಬಿಚ್ಚದ ಘಟನೆಯ ಮಾಹಿತಿಯ ಮೇಲೆ ಮುಂದಿನ ಘಟನೆಯ ಮಾಹಿತಿ ಬರೆದುಕೊಳ್ಳಬಹುದು. ಆದ್ದರಿಂದ ಕಾರು ಓಡಾಡಲು ಶುರುವಾಗುವ ಮೊದಲೇ ಅದನ್ನು ಓದಿಸಿಡಬೇಕೆಂದು ತನಿಖಾಧಿಕಾರಿಗೂ ವಿಮೆ ಕಂಪನಿಗೂ ಬರವಣಿಗೆಯಲ್ಲಿ ಕೇಳಿ. ಆದರೆ ಅದರ ಮೇಲೆಯೇ ಭರವಸೆ ಇಟ್ಟು ಬೈಕನ್ನು ಕೈಬಿಡಬೇಡಿ.

ಬೈಕಿನ ಸಾಕ್ಷಿ ಅತಿ ಹೆಚ್ಚು ಹಾಳಾಗುವುದು ಒಳ್ಳೆಯ ಮನಸ್ಸಿನವರಿಂದ. ಜನ ಬಂದು ಬೈಕ್ ಎತ್ತುತ್ತಾರೆ, ಗೇರನ್ನು ನ್ಯೂಟ್ರಲಿಗೆ ತರುತ್ತಾರೆ, ಕೀ ತಿರುಗಿಸಿ ‘ಲೈಟ್ ಉರಿಯುತ್ತಾ’ ಎಂದು ನೋಡುತ್ತಾರೆ. ಹಳೆಯ ಮಾದರಿಯ ಫಿಲಮೆಂಟ್ ಬಲ್ಬ್ ಇದ್ದರೆ ಆ ಕೊನೆಯ ಕೆಲಸ ಬಹಳ ದುಬಾರಿ. ಉರಿಯುತ್ತಿದ್ದ ಫಿಲಮೆಂಟ್ ಬಿಸಿಗೆ ಮೆತ್ತಗಿರುತ್ತದೆ. ಪೆಟ್ಟು ಬಿದ್ದಾಗ ಸುರುಳಿ ಎಳೆದು ಬಿಚ್ಚಿ ಡೊಂಕಾಗುತ್ತದೆ. ಆರಿದ್ದ ಫಿಲಮೆಂಟ್ ಹಾಗೆ ಹಿಗ್ಗುವುದಿಲ್ಲ, ಪಟ್ಟನೆ ತುಂಡಾಗುತ್ತದೆ, ತುದಿಗಳು ಹೊಳೆಯುತ್ತವೆ. ಉರಿಯುತ್ತಿರುವಾಗಲೇ ಗಾಜು ಒಡೆದರೆ ಗಾಳಿ ತಾಕಿ ಟಂಗ್‌ಸ್ಟನ್ ಮೇಲೆ ಹಳದಿ-ಬಿಳಿ ಪುಡಿ ಕೂರುತ್ತದೆ. ‘ಬ್ರೇಕ್ ಲೈಟೇ ಉರಿಯಲಿಲ್ಲ’ ಎಂಬ ಚಾಲಕನ ಮಾತಿಗೆ ಹಿಂದಿನ ಬಲ್ಬೇ ಉತ್ತರ. ಗಾಜು ಒಡೆದ ಬಲ್ಬಿಗೆ ಆಮೇಲೆ ಯಾರಾದರೂ ಕರೆಂಟ್ ಕೊಟ್ಟರೆ ಅದೇ ಪುಡಿ ಹೊಸದಾಗಿ ಮೂಡುತ್ತದೆ, ಆ ಬಲ್ಬ್ ಸಾಕ್ಷಿಯಾಗಿ ಸತ್ತಂತೆ. ಕೀ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬಲ್ಬನ್ನು ಹೋಲ್ಡರಿನಲ್ಲೇ ಬಿಡಿ. ಎಲ್‌ಇಡಿ ಲೈಟಿನಲ್ಲಿ ಈ ಸಾಕ್ಷಿ ಸಿಗುವುದಿಲ್ಲ.

ಸ್ಥಳದಲ್ಲಿ ಫೋಟೊ ತೆಗೆಯಲು ಮೈಯಲ್ಲಿ ಶಕ್ತಿಯಿದ್ದರೆ, ಅಥವಾ ನೆರವಾಗುವವರಿದ್ದರೆ, ವಾಹನ ಸರಿಸುವ ಮುಂಚೆ ದೂರದಿಂದ ಹತ್ತಿರಕ್ಕೆ ಬನ್ನಿ. ನಾಲ್ಕೂ ದಿಕ್ಕಿನಿಂದ ಇಡೀ ಜಾಗ, ಆಮೇಲೆ ಚಾಲಕನ ಕಣ್ಣಿನ ಎತ್ತರದಿಂದ ಅವನು ಬಂದ ದಾರಿ, ಆಮೇಲೆ ರಸ್ತೆಯ ಗೀರು. ಫುಟ್‌ರೆಸ್ಟ್ ಅಥವಾ ಕ್ರ್ಯಾಶ್‌ಗಾರ್ಡ್ ಡಾಂಬರನ್ನು ಕೆತ್ತಲು ಶುರುಮಾಡಿದ ಬಿಂದು ಮುಖ್ಯ. ಬೈಕ್ ಕೊನೆಗೆ ನಿಂತ ಜಾಗ ಎಲ್ಲರಿಗೂ ಕಾಣುತ್ತದೆ, ಗೀರಿನ ಆರಂಭವನ್ನು ಹುಡುಕಬೇಕು. ಆ ಗೀರು 15 ಮೀಟರ್ ಇದ್ದು ಘರ್ಷಣೆಯ ಗುಣಾಂಕ (ಜಾರುವ ಬೈಕನ್ನು ರಸ್ತೆ ಎಷ್ಟು ತಡೆಯುತ್ತದೆ ಎಂಬ ಅಂಕಿ) 0.5 ಎಂದುಕೊಂಡರೆ ಜಾರಲು ಶುರುವಾದಾಗ ಬೈಕಿನ ವೇಗ ಸುಮಾರು 44 ಕಿ.ಮೀ. ಗುಣಾಂಕ 0.35 ಆದರೆ 37. ಲೋಹ, ಪ್ಲಾಸ್ಟಿಕ್, ರಸ್ತೆಯ ಒರಟುತನ ಇವುಗಳ ಮೇಲೆ ಇದು ಏರಿಳಿಯುವುದರಿಂದ ಒಂದೇ ಅಂಕಿ ಹೇಳುವ ತಜ್ಞರನ್ನು ನಂಬಬೇಡಿ. ‘37ರಿಂದ 44’ ಎನ್ನುವವರೇ ಪ್ರಾಮಾಣಿಕರು. ಪ್ರತಿ ಗೀರಿನ ಪಕ್ಕ ಅಳತೆ ಗೊತ್ತಿರುವ ಒಂದು ವಸ್ತು ಇಟ್ಟು ತೆಗೆದರೆ ಆಮೇಲೆ ಲೆಕ್ಕ ಹಾಕಬಹುದು.

ಅಡ್ಡ ತಿರುಗಿದ ಕಾರಿಗೆ ಬೈಕೇ ಹೋಗಿ ಬಡಿದ ಪ್ರಕರಣಗಳ ರೀತಿ ಬೇರೆ. ಅಮೆರಿಕದ ಹ್ಯಾರಿ ಹರ್ಟ್ ತಂಡದ 1981ರ ವರದಿ ಬೈಕ್ ಜೊತೆ ಬೇರೆ ವಾಹನವೂ ಸೇರಿದ್ದ ಅಪಘಾತಗಳಲ್ಲಿ ಸುಮಾರು ಮೂರನೇ ಎರಡರಷ್ಟರಲ್ಲಿ ದಾರಿ ಬಿಡದೆ ನುಗ್ಗಿದ್ದು ಬೇರೆ ವಾಹನದ ಚಾಲಕ ಎಂದು ಕಂಡುಕೊಂಡಿತ್ತು. ಇಲ್ಲಿ ‘ನೋಡಿದರೂ ಕಾಣಲಿಲ್ಲ’ ಎಂಬುದೂ ನಿಜವಿರಬಹುದು. ಕಣ್ಣು ಬೈಕಿನ ದಿಕ್ಕಿಗೇ ಹೊರಳಿರುತ್ತದೆ, ಮನಸ್ಸು ಕಾರಿನ ಗಾತ್ರದ್ದನ್ನು ಹುಡುಕುತ್ತಿರುತ್ತದೆ. ಅಂಥವರು ತಿರುವಿನ ನಡುವೆ ಬೆಚ್ಚಿ ಬ್ರೇಕ್ ಹಿಡಿಯುವುದುಂಟು. ಫೋನಿನಲ್ಲಿ ಮುಳುಗಿದವರು ಸದ್ದು ಕೇಳಿದ ಮೇಲೆ ಹಿಡಿಯುತ್ತಾರೆ. ಬೈಕಿನ ವೇಗ ತಿಳಿಯಲು ಮುಂದಿನ ಚಕ್ರದ ಅಚ್ಚಿನಿಂದ (ಆಕ್ಸಲ್) ಹಿಂದಿನ ಚಕ್ರದ ಅಚ್ಚಿನವರೆಗೆ ಅಳೆದು, ಕಂಪನಿಯ ಮೂಲ ಅಳತೆಯಿಂದ ಎಷ್ಟು ಮೋಟಾಗಿದೆ ನೋಡುತ್ತಾರೆ. ಮೆಕ್ಯಾನಿಕ್ ಫೋರ್ಕ್ ಎಳೆದು ನೆಟ್ಟಗೆ ಮಾಡಿದ ಕ್ಷಣ ಈ ಅಳತೆ ಹೋಯಿತು. ರಿಪೇರಿಗೂ ಗುಜರಿಗೂ ಒಪ್ಪಿಗೆ ಕೊಡುವ ಮುಂಚೆ ಎರಡೂ ಬದಿಯಿಂದ ನೇರ ಫೋಟೊ, ಎರಡೂ ಬದಿಯ ಅಳತೆ ಇರಲಿ.

ಬ್ರೇಕ್ ಇರಲಿಲ್ಲ ಎಂದಾಕ್ಷಣ ಫೋನ್ ಇತ್ತು ಎಂದಲ್ಲ. ತೂಕಡಿಕೆ, ಎದುರು ಬಿಸಿಲು, ಚಾಲಕನಿಗೆ ಪ್ರಜ್ಞೆ ತಪ್ಪಿದ್ದು, ಎಲ್ಲಕ್ಕೂ ಅದೇ ಲಕ್ಷಣ. ಅದಕ್ಕೇ ಫೋನಿನ ದಾಖಲೆ ಎರಡನೆಯ ಹೆಜ್ಜೆ. ‘ಫೋನ್ ಕೈಯಲ್ಲಿರಲಿಲ್ಲ, ಹ್ಯಾಂಡ್ಸ್‌ಫ್ರೀ ಇತ್ತು’ ಎಂಬುದನ್ನು ದೋಷಮುಕ್ತಿ ಎಂದುಕೊಳ್ಳಬೇಕಿಲ್ಲ: 1997ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ರೆಡೆಲ್ಮೈಯರ್, ಟಿಬ್ಶಿರಾನಿ ಅವರ ಅಧ್ಯಯನದಲ್ಲಿ ಮೊಬೈಲ್ ಬಳಕೆಯ ಹೊತ್ತಿನಲ್ಲಿ ಡಿಕ್ಕಿಯ ಅಪಾಯ ಸುಮಾರು 4 ಪಟ್ಟು ಇತ್ತು, ಹ್ಯಾಂಡ್ಸ್‌ಫ್ರೀ ಇದ್ದವರಿಗೆ ಅದರಲ್ಲಿ ರಿಯಾಯಿತಿ ಕಾಣಲಿಲ್ಲ.

ಹೆಲ್ಮೆಟ್ ಒರೆಸಬೇಡಿ, ತೊಳೆಯಬೇಡಿ. ಮತ್ತೆ ಹಾಕಿಕೊಳ್ಳಲೂ ಬೇಡಿ, ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಬಟ್ಟೆಯನ್ನು ಕೇಳಿ ಪಡೆದು, ಒಣಗಿಸಿ, ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿಯುತ್ತದೆ. ಕಾರಿನ ಬಣ್ಣ, ಗಾಜಿನ ಚೂರು ಅದರಲ್ಲೇ ಇರುತ್ತವೆ. ಹ್ಯಾಂಡಲ್ ಬಿಗಿಹಿಡಿದಿದ್ದ ಕೈಯಲ್ಲಿ ಹೆಬ್ಬೆರಳಿನ ಬುಡದ ಗುಳಿ ಒತ್ತಿದರೆ ನೋಯುತ್ತಿದ್ದರೆ, ಮೊದಲ ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾಗಬೇಡಿ. ಅಲ್ಲಿರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಎಷ್ಟೋ ಸಲ 10–14 ದಿನದ ನಂತರದ ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೂಳೆ ಕೂಡದೆ ಉಳಿಯಬಹುದು.

ಹೇಳಿಕೆ ಕೊಡುವಾಗ ಕಂಡದ್ದನ್ನಷ್ಟೇ ಹೇಳಿ. ‘ಫೋನ್ ನೋಡುತ್ತಿದ್ದ’ ಎನ್ನುವುದು ಊಹೆ. ‘ಮಿರರ್‌ನಲ್ಲಿ ಕಂಡಾಗ ಅವನ ತಲೆ ತಗ್ಗಿತ್ತು, ಒಂದು ಕೈ ಮಾತ್ರ ಸ್ಟೀರಿಂಗ್ ಮೇಲಿತ್ತು’ ಎನ್ನುವುದು ಸಾಕ್ಷಿ. ಕಾರಿನ ವೇಗವನ್ನು ಅಂದಾಜಿಗೆ ಹೇಳಲೇಬೇಡಿ; ನೀವು 80 ಎಂದು ಅಳತೆ 55 ಎಂದರೆ ಉಳಿದ ಮಾತಿನ ತೂಕವೂ ಇಳಿಯುತ್ತದೆ.

ಹೆಲ್ಮೆಟ್ ಕ್ಯಾಮೆರಾ ಇದ್ದರೆ ಅದರ ಕಾರ್ಡ್ ತೆಗೆದಿಡಿ, ಮತ್ತೆ ಅದರಲ್ಲೇ ರೆಕಾರ್ಡ್ ಮಾಡಬೇಡಿ. ಡಿಕ್ಕಿಯಲ್ಲಿ ಪವರ್ ಹೋದರೆ ಕೊನೆಯ ಫೈಲ್ ತೆರೆಯದಿರಬಹುದು. ಎಂಪಿ4 ಫೈಲಿನ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ, ಅದೊಂದು ಬಾಕಿ ಉಳಿದಿರುತ್ತದೆ. ದೃಶ್ಯ ಕಾರ್ಡಿನಲ್ಲಿದ್ದು ರಿಪೇರಿ ಸಾಫ್ಟ್‌ವೇರ್‌ನಲ್ಲಿ ಎಷ್ಟೋ ಸಲ ಸಿಗುತ್ತದೆ. ಅಂಗಡಿ, ಮನೆಗಳ ಸಿಸಿಟಿವಿ ಕೆಲವೇ ದಿನದಲ್ಲಿ ಅಳಿಸಿ ಬರೆದುಕೊಳ್ಳುವುದರಿಂದ ಅವತ್ತೇ ಕೇಳಬೇಕು. ನಕಲು ತೆಗೆಯುವಾಗ ಆ ಯಂತ್ರದ ಪರದೆಯಲ್ಲಿ ಕಾಣುವ ಸಮಯವನ್ನೂ ನಿಮ್ಮ ಫೋನಿನ ಸಮಯವನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಸಿಸಿಟಿವಿ ಗಡಿಯಾರ ನಾಲ್ಕೈದು ನಿಮಿಷ ಹಿಂದೆಮುಂದೆ ಇರುವುದು ಮಾಮೂಲು. ಆ ವ್ಯತ್ಯಾಸ ಗೊತ್ತಿಲ್ಲದೆ ಕರೆಯ ದಾಖಲೆಯನ್ನೂ ಡಿಕ್ಕಿಯ ದೃಶ್ಯವನ್ನೂ ಒಂದೇ ಕಾಲಕ್ಕೆ ಹೊಂದಿಸಲಾಗದು.