ದೇಹದಾನದ ಫಾರಂ ತುಂಬಿದರೆ ಮೆದುಳೂ ಸಂಶೋಧನೆಗೆ ಹೋಗುತ್ತದಾ?

ಪ್ರಶ್ನೆ: ನನಗೆ 46 ವರ್ಷ. ಗಂಗಾವತಿ ಹತ್ತಿರದ ಊರು. ಹನ್ನೊಂದು ವರ್ಷದಿಂದ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೆದುಳು-ನರಗಳ ರೋಗ ಇದೆ. ಸತ್ತ ಮೇಲೆ ನನ್ನ ಮೆದುಳು ಈ ರೋಗದ ಸಂಶೋಧನೆಗೆ ಹೋಗಲಿ ಅಂತ ಆಸೆ. ದೇಹದಾನದ ಫಾರಂ ತುಂಬಿದರೆ ಸಾಕಾ? ನಮ್ಮ ಕಡೆಯಿಂದ ಇದು ಆಗುವ ಮಾತಾ? ಮನೆಯಲ್ಲಿ ನಮ್ಮ ಅತ್ತೆಯವರು "ತಲಿ ಕೊಯ್ದ ಮ್ಯಾಲೆ ಮುಖ ನೋಡಾಕ ಆಗತೈತೇನು?" ಅಂತ ಕೇಳುತ್ತಿದ್ದಾರೆ.

ಉತ್ತರ: ಮೆದುಳು ಕೊಡಬಹುದು. ಆದರೆ ದೇಹದಾನದ ಫಾರಂ ಅದಕ್ಕೆ ಸಾಕಾಗುವುದಿಲ್ಲ. ಈ ಪ್ರಶ್ನೆ ನನಗೆ ಬಹಳ ಸಲ ಬಂದಿದೆ. ಬಳ್ಳಾರಿಯಲ್ಲಿರುವ ನನ್ನ ಅಕ್ಕನೂ ಇದನ್ನೇ ಕೇಳಿದ್ದಳು. ಅವಳಿಗೂ ಎಂಎಸ್. ಮೊದಲ ಎರಡು ವರ್ಷ "ನರ ವೀಕ್ ಆಗಿವೆ" ಅಂತ ಒಂದು ಆಸ್ಪತ್ರೆಯಲ್ಲಿ ಬರೀ ಬಿ12 ಇಂಜೆಕ್ಷನ್ ಕೊಡುತ್ತಾ ಹೋದರು. ಅದಕ್ಕೇ ಅವಳಿಗೆ ಈ ರೋಗ ಮುಂದಿನವರಿಗಾದರೂ ಬೇಗ ಗೊತ್ತಾಗಲಿ ಅನ್ನುವ ಹಟ. ನಿಮ್ಮ ಪತ್ರದಲ್ಲೂ ಅದೇ ಹಟ ಕಂಡಿತು.

ದೇಹದಾನ ಮಾಡಿದರೆ ದೇಹ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ ದೇಹಕ್ಕೆ ಔಷಧಿ ಏರಿಸಿ ಕೆಡದಂತೆ ಇಡುತ್ತಾರೆ, ಅದರ ಮೇಲೆ ಮಕ್ಕಳು ಡಾಕ್ಟರ್ ವಿದ್ಯೆ ಕಲಿಯುತ್ತಾರೆ. ಅದು ದೊಡ್ಡ ದಾನವೇ. ಆದರೆ ನಿಮ್ಮ ರೋಗ ಏನು, ಮೆದುಳಿನ ಯಾವ ಜಾಗದಲ್ಲಿ ಏನಾಗಿದೆ ಅಂತ ಅಲ್ಲಿ ಯಾರೂ ಹುಡುಕುವುದಿಲ್ಲ. ಆ ಕೆಲಸ ಮಾಡುವುದು ಬ್ರೇನ್ ಬ್ಯಾಂಕ್. ನಮಗೆ ಇರುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಮೆದುಳು, ನರಗಳ ತುಣುಕು ಪರೀಕ್ಷಿಸಿ ರೋಗ ಗುರುತಿಸುವ ನ್ಯೂರೋಪೆಥಾಲಜಿ ತಜ್ಞ ಡಾ. ಎಸ್.ಕೆ. ಶಂಕರ್ ಅವರು 1995ರಲ್ಲಿ ಅದನ್ನು ಕಟ್ಟಿದರು. ಮನೆಯವರ ಒಪ್ಪಿಗೆ ಪಡೆದು ಮೆದುಳನ್ನು ತೆಗೆದುಕೊಂಡು, ಕಾಪಾಡಿ, ಸಂಶೋಧಕರಿಗೆ ತುಣುಕು ತುಣುಕಾಗಿ ಕೊಡುವುದು ಅವರ ಕೆಲಸ. ಅಲ್ಲಿಯೇ ಜನ ನೋಡಲು ಮೆದುಳಿನ ಮ್ಯೂಸಿಯಂ ಕೂಡ ಇದೆ. ಬೆಂಗಳೂರಿಗೆ ಚಿಕಿತ್ಸೆಗೆ ಹೋದಾಗ ಮನೆಯವರನ್ನು ಕರೆದುಕೊಂಡು ಹೋಗಿ. ಒಂದು ಮೆದುಳನ್ನು ಕಣ್ಣಾರೆ ಕಂಡ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ.

ಕಣ್ಣುದಾನಕ್ಕೆ ಇದರಿಂದ ತೊಂದರೆ ಇಲ್ಲ. ಸತ್ತು ಆರು ಗಂಟೆಯೊಳಗೆ ಕಣ್ಣು ತೆಗೆದುಕೊಂಡರೆ ಆಯಿತು, ಎರಡನ್ನೂ ಕೊಡಬಹುದು.

ಸ್ಕ್ಯಾನಿಂಗ್ ಇಷ್ಟು ಮುಂದುವರಿದಿರುವಾಗ ಸತ್ತವರ ಮೆದುಳು ಯಾಕೆ ಬೇಕು ಅಂತ ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. ನಮ್ಮ ಹೊಲದಲ್ಲಿ ಪಂಪ್‌ಸೆಟ್ಟಿನ ವೈರು ಬಿಸಿಲಿಗೆ ಒಣಗಿ ಸಿಪ್ಪೆ ಬಿರಿಯುತ್ತದಲ್ಲ, ಎಂಎಸ್‌ನಲ್ಲಿ ನರಗಳ ಮೇಲಿನ ಮಯೆಲಿನ್ ಎಂಬ ಹೊದಿಕೆಗೆ ಹಾಗೇ ಆಗುತ್ತದೆ. ಅದನ್ನು ಕೆಡಿಸುವುದು ಬಿಸಿಲಲ್ಲ, ನಮ್ಮ ಮೈಯನ್ನು ಕಾಯಬೇಕಾದ ರಕ್ಷಣಾ ಕೋಶಗಳೇ. ಆದರೆ ಹೊದಿಕೆ ಹೋದ ನರಕ್ಕೆ ಬಿಸಿಲು ತಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಾಲು ಇನ್ನೂ ಭಾರ ಆಗುತ್ತದೆ, ಕಣ್ಣು ಮಂಜಾಗುತ್ತದೆ, ತಣ್ಣಗಾದ ಮೇಲೆ ಸರಿಹೋಗುತ್ತದೆ, ಅಲ್ವಾ? 1890ರಲ್ಲೇ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಇದನ್ನು ಗುರುತಿಸಿದ್ದರು. ರಾಯಚೂರಿನ ಬಿಸಿಲಲ್ಲಿ ಎಂಎಸ್ ಇಟ್ಟುಕೊಂಡು ಬದುಕುವುದು ಏನು ಅಂತ ಅನುಭವಿಸಿದವರಿಗೇ ಗೊತ್ತು.

ಈ ರೋಗಕ್ಕೆ ಹೆಸರು ಬಂದದ್ದೇ ಸತ್ತವರ ಮೆದುಳಿನಿಂದ. ಸ್ಕ್ಲೆರೋಸಿಸ್ ಅಂದರೆ ಗಟ್ಟಿಯಾಗುವುದು. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೋ ತಾವು ನೋಡಿಕೊಂಡ ರೋಗಿಗಳು ತೀರಿಕೊಂಡ ಮೇಲೆ ಅವರ ಮೆದುಳು, ಬೆನ್ನುಹುರಿ ಪರೀಕ್ಷಿಸಿದರು. ಅಲ್ಲಲ್ಲಿ ಬೂದುಬಣ್ಣದ ಗಟ್ಟಿ ಮಚ್ಚೆಗಳಿದ್ದವು. ಬದುಕಿದ್ದಾಗಿನ ನಡುಕ, ತೊದಲು ಮಾತು, ಕಾಲಿನ ಬಲಹೀನತೆಗೆ ಆ ಮಚ್ಚೆಗಳನ್ನು ಜೋಡಿಸಿ ನೋಡಿ, ಇದೊಂದು ಬೇರೆಯೇ ರೋಗ ಅಂತ ತೋರಿಸಿಕೊಟ್ಟರು.

ಇದು ಹಳೇ ಕಾಲದ ಮಾತು ಮಾತ್ರ ಅಲ್ಲ. ಎಂಎಸ್‌ನಲ್ಲಿ ಹೊದಿಕೆ ಮಾತ್ರ ಹೋಗುತ್ತದೆ, ಒಳಗಿನ ತಂತಿ ಬಹಳ ದಿನ ಉಳಿಯುತ್ತದೆ ಅಂತ ತುಂಬಾ ಜನ ನಂಬಿದ್ದರು. 1998ರಲ್ಲಿ ಅಮೆರಿಕದ ಸಂಶೋಧಕರು ದಾನವಾಗಿ ಬಂದ ಮೆದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಮಚ್ಚೆಗಳಲ್ಲಿ ನರದ ತಂತಿಗಳೇ ಕತ್ತರಿಸಿ ಹೋಗಿದ್ದವು. ರೋಗ ಬಂದು ಜಾಸ್ತಿ ವರ್ಷ ಆಗಿರದವರಲ್ಲೂ ಹಾಗೇ ಇತ್ತು. ಕಾಯುತ್ತಾ ಕೂರದೆ ಬೇಗ ಔಷಧಿ ಶುರು ಮಾಡಬೇಕು ಅನ್ನುವ ಇವತ್ತಿನ ತಿಳಿವಳಿಕೆಗೆ ಅದೂ ಒಂದು ಆಧಾರ. ಮೆದುಳಿನ ಹೊರಪದರದಲ್ಲಿ ಆಗುವ ಗಾಯಗಳು ಮಾಮೂಲಿ ಎಂಆರ್‌ಐನಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಅವು ಎಷ್ಟಿವೆ ಅಂತ ತಿಳಿದದ್ದೂ ಹೀಗೇ ಯಾರೋ ಕೊಟ್ಟು ಹೋದ ಮೆದುಳಿನಿಂದ. ಇಲಿಗಳ ಮೇಲೆ ಪ್ರಯೋಗ ಮಾಡುತ್ತಾರೆ, ನಿಜ. ಆದರೆ ಇಲಿಗೆ ತಾನಾಗಿ ಎಂಎಸ್ ಬರುವುದಿಲ್ಲ. ಬದುಕಿರುವವರ ತಲೆಯಿಂದ ತುಣುಕು ತೆಗೆಯುವುದಂತೂ ತೀರಾ ಅಪರೂಪಕ್ಕೆ.

ಇನ್ನೊಂದು ಕಾರಣ ನನಗೆ ಬಹಳ ಮುಖ್ಯ ಅನಿಸುತ್ತದೆ. ಇಲ್ಲಿಯವರೆಗೆ ನೋಡಿದ ಎಂಎಸ್ ಮೆದುಳುಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದವರವು. ನಮ್ಮ ಜನರಲ್ಲಿ ಎಂಎಸ್ ಥರವೇ ಕಾಣುವ ಎನ್‌ಎಂಒ ಎಂಬ ಇನ್ನೊಂದು ರೋಗವೂ ಇದೆ. ಅದು ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹಿಡಿಯುತ್ತದೆ. ಎರಡನ್ನೂ ಒಂದೇ ಅಂತ ತಿಳಿದು ಎಂಎಸ್ ಔಷಧಿ ಕೊಟ್ಟರೆ ಎನ್‌ಎಂಒ ಕೆಲವರಲ್ಲಿ ಇನ್ನೂ ಕೆಡುತ್ತದೆ. ನಮ್ಮವರ ಮೆದುಳನ್ನೇ ನೋಡದೆ ನಮ್ಮವರ ರೋಗ ಪೂರ್ತಿ ತಿಳಿಯುವುದು ಹೇಗೆ?

ಇನ್ನು ದೂರದ ಮಾತು. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್, ರಾಯಚೂರಿನಿಂದ 400ಕ್ಕೂ ಜಾಸ್ತಿ. ಉಸಿರು ನಿಂತ ಗಳಿಗೆಯಿಂದಲೇ ಮೆದುಳು ಕರಗಲು ಶುರು ಆಗುತ್ತದೆ. ಮೈಯ ಬೇರೆ ಭಾಗಗಳಿಗಿಂತ ಅದು ಮೆತ್ತಗೆ, ಗಟ್ಟಿ ಮೊಸರಿನ ಥರ. ಬ್ಯಾಂಕಿಗೆ ಬಂದ ಮೆದುಳಿನ ಒಂದು ಅರ್ಧವನ್ನು ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಜೀವಕೋಶದೊಳಗಿನ ಆರ್‌ಎನ್‌ಎ, ಪ್ರೋಟೀನ್ ನೋಡಲು ಅದೇ ಬೇಕು, ಮತ್ತು ಅದಕ್ಕೇ ತಡ ಆಗಬಾರದು. ಇನ್ನೊಂದು ಅರ್ಧ, ಕೆಡದಂತೆ ಕಾಪಾಡುವ ಫಾರ್ಮಲಿನ್ ಎಂಬ ದ್ರಾವಣಕ್ಕೆ ಹೋಗುತ್ತದೆ. ತಳಕ್ಕೆ ಕೂತು ಚಪ್ಪಟೆ ಆಗಬಾರದು ಅಂತ ದಾರ ಕಟ್ಟಿ ತೂಗುಬಿಡುತ್ತಾರೆ. ಕೆಲವು ವಾರದಲ್ಲಿ ಅದು ಚಾಕುವಿನಿಂದ ಹೋಳು ಮಾಡುವಷ್ಟು ಗಟ್ಟಿಯಾಗುತ್ತದೆ. ಸೂಕ್ಷ್ಮದರ್ಶಕದ ಕೆಲಸಕ್ಕೆ ಇದು ವರ್ಷಗಟ್ಟಲೆ ಬರುತ್ತದೆ.

ಆದ್ದರಿಂದ ಎಲ್ಲಾ ನಿಂತಿರುವುದು ಕೆಲವು ಗಂಟೆಗಳ ಮೇಲೆ. ನಮ್ಮ ಕಡೆ ಯಾರಾದರೂ ಹೋದರು ಅಂದ ಕೂಡಲೇ ಮೊದಲ ಪ್ರಶ್ನೆ "ಮಣ್ಣು ಎಷ್ಟೊತ್ತಿಗ್ರೀ?" ಆ ಗದ್ದಲದಲ್ಲಿ ಬ್ಯಾಂಕಿನ ನಂಬರ್ ಹುಡುಕುವುದು ಯಾರಿಂದಲೂ ಆಗುವ ಕೆಲಸ ಅಲ್ಲ. ಈಗಲೇ ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ವಿಭಾಗಕ್ಕೆ ಬರೆಯಿರಿ ಅಥವಾ ಫೋನ್ ಮಾಡಿ. ಗಂಗಾವತಿಯಿಂದ ದೇಹ ತರಬೇಕಾ, ಹತ್ತಿರದ ಮೆಡಿಕಲ್ ಕಾಲೇಜಿನಲ್ಲೇ ತೆಗೆದು ಕಳಿಸಲು ಏರ್ಪಾಡು ಆಗುತ್ತದಾ, ಗಾಡಿ ಖರ್ಚು ಯಾರದು, ಬೆನ್ನುಹುರಿಯೂ ಬೇಕಾ, ಇದೆಲ್ಲ ಬಾಯಿಬಿಟ್ಟು ಕೇಳಿ. ಎಂಎಸ್‌ಗೆ ಬೆನ್ನುಹುರಿಯ ಬೆಲೆ ಮೆದುಳಿನಷ್ಟೇ. ದೂರದವರ ವಿಷಯದಲ್ಲಿ ಅವರು "ಇಂಥ ಸಂದರ್ಭದಲ್ಲಿ ಆಗುತ್ತದೆ, ಇಂಥದ್ದರಲ್ಲಿ ಆಗಲ್ಲ" ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೊನೇ ಗಳಿಗೆಯಲ್ಲಿ ತಿಳಿಯುವುದಕ್ಕಿಂತ ಈಗ ತಿಳಿಯುವುದು ಎಷ್ಟೋ ಮೇಲು. ನಿಮ್ಮ ಎಂಆರ್‌ಐ, ಔಷಧಿ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಬದುಕಿದ್ದಾಗ ಏನಾಗಿತ್ತು ಅಂತ ಗೊತ್ತಿಲ್ಲದಿದ್ದರೆ ಮೆದುಳಿನ ಅರ್ಧ ಕಥೆ ಕಳೆದುಹೋದ ಹಾಗೆ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ದಯವಿಟ್ಟು ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಮುಖಕ್ಕೆ ಏನೂ ಆಗುವುದಿಲ್ಲ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಿನವರೆಗೆ ಕೂದಲಿನ ನಡುವೆ ಚರ್ಮ ಕೊಯ್ಯುತ್ತಾರೆ. ಬುರುಡೆಯ ಮೇಲ್ಭಾಗ ಬಿಚ್ಚಿ ಮೆದುಳು ತೆಗೆದು, ಮತ್ತೆ ಅದನ್ನು ಕೂರಿಸಿ ಹೊಲಿಯುತ್ತಾರೆ. ಹೊಲಿಗೆ ಕೂದಲಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ದೇಹ ಮನೆಗೆ ಬರುತ್ತದೆ. ಲಿಂಗಾಯತರ ಮನೆಯಾಗಿದ್ದರೆ ಕೂರಿಸಿ, ವಿಭೂತಿ ಹಚ್ಚಿ, ಪೂಜೆ ಮಾಡಿ ಸಮಾಧಿ ಮಾಡಬಹುದು. ಗಂಡಸರ ತಲೆಗೆ ರುಮಾಲು, ಹೆಂಗಸರ ತಲೆ ಮೇಲೆ ಸೆರಗು ಹೇಗೂ ಇರುತ್ತದೆ. ಸುಡುವವರಿಗೂ ಯಾವ ಅಡ್ಡಿಯೂ ಇಲ್ಲ. ಬದಲಾಗುವುದು ಮಣ್ಣಿನ ಹೊತ್ತು ಮಾತ್ರ, ಅದು ಮುಂದೆ ಹೋಗಬಹುದು. ದೂರದಿಂದ ಬರುವ ನೆಂಟರಿಗೆ ಅದನ್ನು ಹೇಳುವವರು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಇರಬೇಕು.

ಆ ಒಬ್ಬರು ಅತ್ತೆಯವರೇ ಆದರೆ ಎಷ್ಟು ಚೆನ್ನ! ನೀವು ಎಷ್ಟು ಫಾರಂಗೆ ಸಹಿ ಹಾಕಿದರೂ, ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ನಿಮ್ಮ ಮನೆಯವರು. ಅವರು ಬೇಡ ಅಂದರೆ ಯಾವ ಬ್ಯಾಂಕೂ ಮುಟ್ಟುವುದಿಲ್ಲ. ಅಕ್ಕನ ಮನೆಯಲ್ಲಿ ಒಪ್ಪಿಗೆ ಬರಲು ಒಂದು ವರ್ಷ ಹಿಡಿಯಿತು. ಭಾವನವರು "ಸುಮ್ನೆ ಸಾವಿನ ಮಾತು ಯಾಕೆ" ಅಂತ ಎದ್ದು ಹೋಗುತ್ತಿದ್ದರು. ಒಂದು ದಿನ ಅವರೇ ನನಗೆ ಫೋನ್ ಮಾಡಿ, "ರೋಗ ಇಲ್ಲದವರದೂ ತೊಗೋತಾರಂತಲ್ಲ, ಹೌದೇನು?" ಅಂತ ಕೇಳಿದರು. ಹೌದು, ತೆಗೆದುಕೊಳ್ಳುತ್ತಾರೆ. ಹೋಲಿಸಿ ನೋಡಲು ಆರೋಗ್ಯವಾಗಿದ್ದವರ ಮೆದುಳು ಬೇಕೇ ಬೇಕು, ಅದೇ ಸಿಗುವುದು ಕಷ್ಟ.

ಬದುಕಿದ್ದಾಗಲೇ ಕೊಡುವಂಥದ್ದೂ ಇದೆ. 2022ರಲ್ಲಿ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಮತ್ತು ಶೇಖರಿಸಿಟ್ಟ ರಕ್ತದಿಂದ, ಎಪ್‌ಸ್ಟೈನ್-ಬಾರ್ ಎಂಬ ವೈರಸ್ ತಗಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಏರುತ್ತದೆ ಅಂತ ತಿಳಿದುಬಂತು. ನಿಮ್ಮ ನರರೋಗ ವೈದ್ಯರು ಅಧ್ಯಯನಕ್ಕೆ ರಕ್ತ ಕೇಳಿದರೆ, ಕಾಗದ ಓದಿ, ಒಪ್ಪಿಗೆಯಾದರೆ ಕೊಡಿ.

ಅಕ್ಕ ಈಗ ದೇವರ ಮನೆಯ ಕಪಾಟಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದಾಳೆ. ಬ್ಯಾಂಕಿನ ನಂಬರ್, ಅವಳ ಡಾಕ್ಟರ ನಂಬರ್, ಫೈಲ್ ಎಲ್ಲಿದೆ ಅನ್ನುವುದು, ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಎತ್ತುವ ಮೂವರ ಹೆಸರು. ಭಾವನವರ ಹೆಸರು ಮೊದಲನೆಯದು.