ಪಾಸ್ಡ್ ಪಾನ್ ಮತ್ತು ಅದರ ಹಿಂದೆ ನಿಂತ ಆನೆ

ಚದುರಂಗದಲ್ಲಿ ಒಂದು ಪಾನ್‌ನ (ಕಾಲಾಳಿನ) ಮುಂದೆ ಅದೇ ಕಂಬಸಾಲಿನಲ್ಲಿಯೂ ಎಡಬಲದ ಸಾಲುಗಳಲ್ಲಿಯೂ ಎದುರಾಳಿಯ ಪಾನ್ ಇಲ್ಲದಿದ್ದರೆ ಅದು ಪಾಸ್ಡ್ ಪಾನ್. ಅದನ್ನು ತಡೆಯುವುದು ಪಾನ್‌ಗಳ ಕೈಮೀರಿದ ಕೆಲಸ. ರಾಜನೋ ಆನೆಯೋ (ರೂಕ್) ಕುದುರೆಯೋ ತನ್ನ ಕೆಲಸ ಬಿಟ್ಟು ಬಂದು ಕಾವಲು ನಿಲ್ಲಬೇಕು. ನನಗೆ ಹೆಚ್ಚು ಕಲಿಸಿದ್ದು ಪಾನ್ ಕೊನೆಯ ಅಡ್ಡಸಾಲು ಮುಟ್ಟಿ ರಾಣಿಯಾಗಿ ಗೆಲ್ಲಿಸಿದ ಆಟಗಳಲ್ಲ, ಹೀಗೆ ಕಾವಲುಗಾರನನ್ನು ಕಟ್ಟಿಹಾಕಿ ಗೆಲ್ಲಿಸಿದ ಆಟಗಳು. ಆದ್ದರಿಂದ ಈ ಟಿಪ್ಪಣಿಯ ಹೆಚ್ಚಿನ ಭಾಗ ಅವಕ್ಕೇ ಹೋಗಿದೆ.

ಚೌಕದ ಲೆಕ್ಕ

ರಾಜ ಒಬ್ಬನೇ ಓಡಿ ಪಾನನ್ನು ಹಿಡಿಯಬಲ್ಲನೇ ಎಂದು ತಿಳಿಯಲು ಹೆಜ್ಜೆ ಎಣಿಸುತ್ತಾ ಕೂರಬೇಕಿಲ್ಲ. ಬಿಳಿ ಪಾನ್ ಎ5ರಲ್ಲಿದ್ದರೆ (ಅಕ್ಷರ ಕಂಬಸಾಲನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ) ಎ5, ಎ8, ಡಿ8, ಡಿ5 ಮೂಲೆಗಳ ಚೌಕವನ್ನು ಮನಸ್ಸಿನಲ್ಲಿ ಎಳೆಯಿರಿ. ಕಪ್ಪು ರಾಜ ಅದರೊಳಗಿದ್ದರೆ, ಇಲ್ಲವೇ ತನ್ನ ಸರದಿಯಲ್ಲಿ ಒಳಗೆ ಕಾಲಿಡಬಲ್ಲನಾದರೆ, ಪಾನ್ ಸಿಕ್ಕಿತು. ಇ5ರಲ್ಲಿರುವ ಕಪ್ಪು ರಾಜನಿಗೆ ಸರದಿ ಬಂದರೆ ಡಿ6ಕ್ಕೆ ಹೋಗಿ ಹಿಡಿಯುತ್ತಾನೆ. ಸರದಿ ಬಿಳಿಯದಾದರೆ ಒಂದು ಹೆಜ್ಜೆಯಲ್ಲಿ ತಪ್ಪಿಹೋಗುತ್ತದೆ. ಎರಡನೇ ಅಡ್ಡಸಾಲಿನಲ್ಲಿರುವ ಪಾನ್ ಒಮ್ಮೆಗೇ ಎರಡು ಮನೆ ದಾಟಬಲ್ಲದು, ಹಾಗಾಗಿ ಅದು ಮೂರನೆಯದರಲ್ಲಿದೆ ಎಂದೇ ಎಣಿಸಿ.

ಈ ಲೆಕ್ಕವನ್ನು ಮೀರಿಸಿದ್ದು ರಿಖಾರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆ. ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿ ಆಡಿ ಡ್ರಾ ಮಾಡಬೇಕು. ಎಚ್ ಪಾನನ್ನು ಹಿಡಿಯಲು ಬಿಳಿ ರಾಜ ಎರಡು ಹೆಜ್ಜೆ ಹಿಂದಿದ್ದಾನೆ, ಅವನ ಪಾನನ್ನೋ ಕಪ್ಪು ರಾಜ ಯಾವಾಗ ಬೇಕಾದರೂ ತಿನ್ನಬಹುದು. ಆದರೂ ಅವನು ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿಯುತ್ತಾನೆ. ಪ್ರತಿ ಹೆಜ್ಜೆಯೂ ಒಂದು ಕಡೆ ಎಚ್ ಪಾನ್‌ನ ಚೌಕಕ್ಕೆ, ಇನ್ನೊಂದು ಕಡೆ ತನ್ನ ಸಿ ಪಾನ್‌ನ ನೆರವಿಗೆ. ಕಪ್ಪು ರಾಜ ಸಿ6ರಲ್ಲಿ ಪಾನ್ ತಿಂದರೆ ಬಿಳಿ ರಾಜ ಎಫ್4ಕ್ಕೆ ಬಂದು ಚೌಕದೊಳಗೆ ನುಗ್ಗುತ್ತಾನೆ. ತಿನ್ನದೆ ಎಚ್ ಪಾನನ್ನೇ ಓಡಿಸಿದರೆ ಬಿಳಿ ರಾಜ ಡಿ6, ಡಿ7 ಹಿಡಿದು ಸಿ ಪಾನನ್ನು ದಾಟಿಸುತ್ತಾನೆ, ಎರಡೂ ಕಡೆ ರಾಣಿ ಬರುತ್ತಾಳೆ. ಇದನ್ನು ಓದಿದರೆ ಸಾಲದು, ಬೋರ್ಡಿನ ಮೇಲೆ ಕೈಯಾರೆ ಆಡಿ ನೋಡಬೇಕು.

ಕಾವಲಿಗೆ ಯಾರು

ಪಾಸ್ಡ್ ಪಾನ್‌ನ ಎದುರಿನ ಮನೆಯಲ್ಲಿ ಕಾಯಿ ಕೂರಿಸಿ ತಡೆಯುವುದನ್ನು ಶಾಸ್ತ್ರದಂತೆ ಬೆಳೆಸಿದವರು ಆರನ್ ನಿಮ್ಜೊವಿಚ್. ಈ ಕೆಲಸಕ್ಕೆ ಕುದುರೆಯೇ ಲೇಸು: ಎದುರಿಗೆ ಪಾನ್ ಅಡ್ಡವಿದ್ದರೂ ಅದರ ನೆಗೆತಕ್ಕೆ ತೊಂದರೆಯಿಲ್ಲ, ಕಾವಲು ನಿಂತೇ ಸುತ್ತಲಿನ ಮನೆಗಳ ಮೇಲೆ ಕಣ್ಣಿಡುತ್ತದೆ. ರಾಣಿ ಈ ಕೆಲಸಕ್ಕೆ ಆಗಿಬರುವುದಿಲ್ಲ, ಯಾವ ಸಣ್ಣ ಕಾಯಿ ಬಂದು ಹೆದರಿಸಿದರೂ ಜಾಗ ಬಿಟ್ಟೇಳಬೇಕು. ಕೊನೆಯಾಟದಲ್ಲಿ ರಾಜ ಒಳ್ಳೆಯ ಕಾವಲುಗಾರ, ಆದರೆ ಅವನು ಅಲ್ಲಿ ಸಿಕ್ಕಿಕೊಂಡರೆ ಬೋರ್ಡಿನ ಮತ್ತೊಂದು ಮಗ್ಗುಲು ಬರಿದಾಗುತ್ತದೆ.

ಆನೆ ಪಾನ್‌ನ ಹಿಂದೆ ಏಕೆ

ಸೀಗ್‌ಬರ್ಟ್ ಟರಾಶ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದು: ಪಾಸ್ಡ್ ಪಾನ್ ನಿಮ್ಮದಿರಲಿ, ಎದುರಾಳಿಯದಿರಲಿ, ನಿಮ್ಮ ಆನೆ ಅದರ ಹಿಂದಿರಲಿ. ಬಾಯಿಪಾಠ ಮಾಡುವುದು ಸುಲಭ. ನಾನು ಬಹಳ ಹೊತ್ತು ಸಿಕ್ಕಿಕೊಂಡದ್ದು ಇಲ್ಲಿ: ಬಿಳಿ ಪಾನ್ ಎ5ರಲ್ಲಿದೆ, ಬಿಳಿ ಆನೆ ಹಿಂದೆ ಎ4ರಲ್ಲಿ, ಕಪ್ಪು ಆನೆ ಮುಂದೆ ಎ6ರಲ್ಲಿ. ಒಂದು ಆನೆ ಪಾನನ್ನು ಕಾಯಬೇಕು, ಇನ್ನೊಂದು ಅದನ್ನು ತಡೆಯಬೇಕು. ಇಬ್ಬರೂ ಕಟ್ಟಿಬಿದ್ದ ಮೇಲೆ ಬಿಳಿಗೆ ಲಾಭವೆಲ್ಲಿಂದ ಬಂತು?

ಮೊದಲು ಮನೆಗಳನ್ನು ಎಣಿಸಿ. ಪಾನ್ ಎ5ರಲ್ಲಿದ್ದಾಗ ಅದರ ಹಿಂದೆ ನಾಲ್ಕು ಮನೆ, ಮುಂದೆ ಮೂರು. ಎ6ಕ್ಕೆ ಹೋದರೆ ಹಿಂದೆ ಐದು, ಮುಂದೆ ಎರಡು. ಎ7ಕ್ಕೆ ಹೋದರೆ ಹಿಂದೆ ಆರು, ಮುಂದೆ ಒಂದೇ. ಮುಂದಿರುವ ಆನೆಯ ಪಾಡು, ಗೂಟದ ಸುತ್ತ ತಿರುಗಿ ತಿರುಗಿ ತನ್ನ ಹಗ್ಗವನ್ನೇ ಸುತ್ತಿಕೊಳ್ಳುವ ಕರುವಿನದು.

ಎಣಿಕೆಗಿಂತಲೂ ಮುಖ್ಯವಾದದ್ದು ಕಾಯುವ ನಡೆ. ಬಿಳಿ ಆನೆ ಎ4ರಿಂದ ಎ2ಕ್ಕೆ ಬಂದರೂ ಎ1ಕ್ಕೆ ಬಂದರೂ ಪಾನ್‌ನ ರಕ್ಷಣೆ ಹಾಗೆಯೇ ಇರುತ್ತದೆ. ಅಂದರೆ ಬಿಳಿ ಏನನ್ನೂ ಕೆಡಿಸದೆ ಸರದಿಯನ್ನು ಎದುರಾಳಿಗೆ ದಾಟಿಸಬಲ್ಲದು. ಕಪ್ಪು ಆನೆ ಎ6ರಿಂದ ಎ7ಕ್ಕೆ ಸರಿದರೆ ಪಾನ್ ಎ6ಕ್ಕೆ ಬಂದೇಬಿಟ್ಟಿತು. ಪಕ್ಕಕ್ಕೆ ಸರಿದರೂ ಅಷ್ಟೇ. ಅದಕ್ಕೆ ಕಾಯುವ ನಡೆಯೇ ಇಲ್ಲ. ಹಾಗಾಗಿ ಕಪ್ಪಿನ ಪರವಾಗಿ ಪ್ರತಿ ಸಲವೂ ರಾಜನೇ ಕದಲಬೇಕು, ರಾಜ ಕದಲಿದರೆ ಏನನ್ನೋ ಬಿಟ್ಟುಕೊಡಬೇಕು. ಇಬ್ಬರೂ ಕಟ್ಟಿಬಿದ್ದವರೇ, ಆದರೆ ಒಬ್ಬನಿಗೆ ಒಂದು ಸಾಲಿನುದ್ದಕ್ಕೂ ಓಡಾಟವಿದೆ, ಇನ್ನೊಬ್ಬನಿಗೆ ಒಂದೇ ಮನೆ. ಇದು ತಲೆಗೆ ಹೊಕ್ಕ ಮೇಲೆ ನಿಯಮವನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಇದನ್ನೇ ತಿರುವುಮುರುವು ಮಾಡಿ. ಬಿಳಿ ಪಾನ್ ಎ7, ಬಿಳಿ ಆನೆ ಅದರ ಮುಂದೆ ಎ8, ಕಪ್ಪು ಆನೆ ಹಿಂದೆ ಎ1. ಪಾನ್‌ಗೆ ಒಂದೇ ಹೆಜ್ಜೆ ಬಾಕಿ, ಆದರೆ ದಾರಿಗೆ ಅಡ್ಡ ನಿಂತಿರುವುದು ಸ್ವಂತ ಆನೆ. ಅದು ಕದಲಿದರೆ ಪಾನ್ ಹೋಯಿತು. ಕಪ್ಪು ರಾಜ ಜಿ7, ಎಚ್7 ಮನೆಗಳ ನಡುವೆ ಓಡಾಡುತ್ತಾ ಕುಳಿತರೆ ಸಾಕು. ಎಫ್7ರಲ್ಲಿ ಮಾತ್ರ ಇರಬಾರದು: ಬಿಳಿ ಆನೆ ಎಚ್8ಕ್ಕೆ ಹಾರುತ್ತದೆ, ಕಪ್ಪು ಆನೆ ಎ7ರಲ್ಲಿ ಪಾನ್ ತಿಂದರೆ ಎಚ್7ರಿಂದ ಚೆಕ್, ರಾಜ ಸರಿದೊಡನೆ ಅವನ ಹಿಂದಿನ ಆನೆ ಮಾಯ.

ಬ್ಯೂನಸ್ ಐರಿಸ್, 1927: 34ನೇ ಆಟ

ಅಲೆಖಿನ್ ಮತ್ತು ಕಾಪಾಬ್ಲಾಂಕಾ ನಡುವಿನ ವಿಶ್ವ ಚಾಂಪಿಯನ್‌ಷಿಪ್. ಆರು ಗೆಲುವು ಮೊದಲು ಪಡೆದವರಿಗೆ ಪಟ್ಟ. 34ನೇ ಆಟಕ್ಕೆ ಬರುವಷ್ಟರಲ್ಲಿ ಅಲೆಖಿನ್ ಐದು, ಕಾಪಾಬ್ಲಾಂಕಾ ಮೂರು ಗೆದ್ದಿದ್ದರು, ಉಳಿದವೆಲ್ಲ ಡ್ರಾ. 54ನೇ ನಡೆಯಲ್ಲಿ ಅಲೆಖಿನ್ ಆನೆಯನ್ನು ಎ4ಕ್ಕೆ ತಂದಾಗ ಬಿಳಿಗೆ ರಾಜ ಜಿ2, ಪಾನ್‌ಗಳು ಎ5, ಎಫ್2, ಜಿ3, ಎಚ್4. ಕಪ್ಪಿಗೆ ರಾಜ ಜಿ7, ಆನೆ ಎ6, ಪಾನ್‌ಗಳು ಎಫ್7, ಜಿ6, ಎಚ್6. ಮೇಲೆ ಹೇಳಿದ ಚಿತ್ರವೇ ಇದು.

ಇಬ್ಬರು ರಾಜರೂ ಎ ಸಾಲಿನತ್ತ ಹೊರಟರು. ಬಿಳಿ ರಾಜ ಎಫ್3, ಇ3, ಡಿ3 ದಾಟಿ ಸಿ3ಕ್ಕೆ ಬಂದ, ಕಪ್ಪು ರಾಜ ಸಿ5ಕ್ಕೆ. ಈ ನಡುವೆ ಕಪ್ಪಿನ ಎಚ್ ಪಾನ್ ಎಚ್5ಕ್ಕೆ ಸರಿದಿತ್ತು. 59ನೇ ನಡೆಯಲ್ಲಿ ಅಲೆಖಿನ್ ಆನೆಯನ್ನು ಎ2ಕ್ಕೆ ಸರಿಸಿ ಸುಮ್ಮನಾದರು. ನೋಡಲು ಏನೂ ಅಲ್ಲ, ಆದರೆ ಈಗ ಕಪ್ಪು ಆಡಲೇಬೇಕು. ರಾಜ ಡಿ5ಕ್ಕೆ ಹೋದರೆ ಬಿಳಿ ರಾಜ ಬಿ4, ಬಿ5 ಹಿಡಿದು ಎ6ರ ಆನೆಯನ್ನು ಎಬ್ಬಿಸುತ್ತಾನೆ. ಆದ್ದರಿಂದ ಕಾಪಾಬ್ಲಾಂಕಾ ಬಿ5ಕ್ಕೆ ಹೋದರು. ಒಂದು ಸುತ್ತು ನಡೆಗಳನ್ನು ಮರುಕಳಿಸಿ, 62ನೇ ನಡೆಯಲ್ಲಿ ಬಿಳಿ ರಾಜ ಡಿ4ಕ್ಕೆ, ಅಲ್ಲಿಂದ ಬಂದ ಕಡೆಗೇ ತಿರುಗಿದ: ಇ5, ಎಫ್4, ಜಿ5, ಎಚ್6. ಎ ಪಾನನ್ನು ನೂಕಲು ಬಂದವನಂತೆ ಕಂಡಿದ್ದ, ಅವನ ಗುರಿ ಇದ್ದದ್ದು ಆ ಕಡೆಯ ಪಾನ್‌ಗಳ ಮೇಲೆ.

62ನೇ ನಡೆಯ ನಂತರ ಕಪ್ಪು ಎ5ರಲ್ಲಿ ಪಾನ್ ತಿನ್ನಬಾರದೇ? ತಿಂದರೆ ಆನೆಗಳು ಬದಲಾಗಿ ಕಪ್ಪು ರಾಜ ಎ5ರಲ್ಲಿ ಉಳಿಯುತ್ತಾನೆ. ಬಿಳಿ ರಾಜ ಇ5, ಎಫ್6 ಮುಟ್ಟಿ ಎಫ್7, ಜಿ6 ಎರಡನ್ನೂ ನುಂಗುತ್ತಾನೆ. ಹಾಗಾಗಿ 64ನೇ ನಡೆಯಲ್ಲಿ ಕಪ್ಪು ರಾಜ ಎ6ಕ್ಕೆ ಹೋಗಿ ತಾನೇ ಕಾವಲು ನಿಂತ. ಆನೆಗೆ ಬಿಡುಗಡೆಯಾಯಿತು, ಆದರೆ ಬಿಳಿ ರಾಜನೆದುರು ಅದೊಂದೇ ನಿಂತು ಮೂರು ಪಾನ್‌ಗಳನ್ನು ಕಾಯಬೇಕಾಯಿತು.

ಬೋರ್ಡು ಎದುರಿಗಿಟ್ಟುಕೊಂಡು ನಿಧಾನವಾಗಿ ನೋಡಬೇಕಾದದ್ದು 75ನೇ ನಡೆ. ಅಷ್ಟು ಹೊತ್ತು ಪಾನನ್ನು ಕಾಯ್ದ ಆನೆಯನ್ನು ಅಲೆಖಿನ್ ಎ ಸಾಲಿನಿಂದಲೇ ಎಬ್ಬಿಸಿ ಇ4ಕ್ಕೆ ಕಳಿಸಿದರು. ಆಗ ಬಿಳಿ ರಾಜ ಜಿ7, ಪಾನ್ ಎಫ್4. ಕಪ್ಪು ಆನೆ ಎಫ್5, ರಾಜ ಬಿ5. ರಾಜ ಎ5ರಲ್ಲಿ ಪಾನ್ ತಿಂದರೆ ಬಿಳಿ ಆನೆ ಇ5ರಿಂದ ಚೆಕ್ ಕೊಡುತ್ತದೆ. ಆನೆಗಳು ಬದಲಾಗಿ ಎಫ್ ಪಾನ್ ಇ5ಕ್ಕೆ ಬರುತ್ತದೆ, ಬಿಳಿ ರಾಜ ಎಫ್7 ತಿಂದು ಅದಕ್ಕೆ ದಾರಿ ಬಿಡಿಸುತ್ತಾನೆ, ಕಪ್ಪು ರಾಜ ದೂರದ ಎ5ರಲ್ಲಿ. ಕಾಪಾಬ್ಲಾಂಕಾ 76ನೇ ನಡೆಯಲ್ಲಿ ಆನೆಯಿಂದ ಎ5ರ ಪಾನನ್ನು ತಿಂದರು. 78ರಲ್ಲಿ ಬಿಳಿ ರಾಜ ಎಚ್5 ತಿಂದ, 81ರಲ್ಲಿ ಬಿಳಿ ಆನೆ ಎಫ್7 ತಿಂದಿತು, ಆಟ ನಿಂತದ್ದು 82ನೇ ನಡೆಗೆ. ಎ ಪಾನ್ ಸತ್ತು ಎಫ್ ಮತ್ತು ಎಚ್ ಸಾಲುಗಳಲ್ಲಿ ಎರಡು ಹೊಸ ಪಾಸ್ಡ್ ಪಾನ್ ಹುಟ್ಟಿದವು. ಕಾಪಾಬ್ಲಾಂಕಾ ಬೋರ್ಡಿಗೆ ಮರಳದೆ ಪತ್ರ ಬರೆದು ಸೋಲೊಪ್ಪಿದರು.

ಪಾಸ್ಡ್ ಪಾನ್ ಇಲ್ಲದಿದ್ದರೆ

ಹುಟ್ಟಿಸಬಹುದು. ಬಿಳಿ ಪಾನ್‌ಗಳು ಎ5, ಬಿ5, ಸಿ5, ಕಪ್ಪಿನವು ಎ7, ಬಿ7, ಸಿ7, ರಾಜರು ದೂರ. ಬಿ ಪಾನನ್ನು ಬಿ6ಕ್ಕೆ ತಳ್ಳಿ. ಎ ಪಾನ್ ಅದನ್ನು ತಿಂದರೆ ಸಿ6, ಸಿ ಪಾನ್ ತಿಂದರೆ ಎ6. ಬಿ7 ಪಾನ್ ಯಾವುದನ್ನು ತಿಂದರೂ ಉಳಿದ ಬಿಳಿ ಪಾನ್‌ನ ದಾರಿ ತೆರೆಯುತ್ತದೆ. ಸರದಿ ಕಪ್ಪಿನದಾದರೆ ಬಿ6 ಆಡಿ ತಾನೇ ಬಾಗಿಲು ಹಾಕಿಕೊಳ್ಳುತ್ತದೆ.

ಪಕ್ಕದಿಂದ ತಡೆಯುವುದು

ಹಿಂದೆಯೂ ಅಲ್ಲದೆ ಮುಂದೆಯೂ ಅಲ್ಲದೆ ಆನೆ ಪಕ್ಕದಲ್ಲಿ ನಿಂತು ಉಳಿಸಿಕೊಳ್ಳುವ ಒಂದು ಸ್ಥಿತಿಯಿದೆ, ವಾನ್ಚುರಾ ಹೆಸರಿನದು. ಬಿಳಿ ಪಾನ್ ಎ6, ಆನೆ ಎ8. ಕಪ್ಪು ಆನೆ ಎಫ್6, ರಾಜ ಜಿ7. ಕಪ್ಪು ಆನೆ ಆರನೇ ಅಡ್ಡಸಾಲಿನಿಂದ ಪಾನ್ ಮೇಲೆ ಕಣ್ಣಿಟ್ಟಿರುವುದರಿಂದ ಎ8ರ ಆನೆಗೆ ಕದಲಲು ಆಗದು. ಬಿಳಿ ರಾಜ ನೆರವಿಗೆ ಬಿ5ಕ್ಕೆ ಬಂದರೆ ಎಫ್5ರಿಂದ ಚೆಕ್, ಬಿ6ಕ್ಕೆ ಬಂದರೆ ಎಫ್6ರಿಂದ ಚೆಕ್. ಅವನು ದೂರ ಸರಿದರೆ ಆನೆ ಮತ್ತೆ ಆರನೇ ಸಾಲಿಗೆ. ಪಾನ್ ಎ7ಕ್ಕೆ ಹೋದರೆ ಕಪ್ಪು ಆನೆ ಎ6ಕ್ಕೆ, ಅಂದರೆ ನೇರ ಹಿಂದಕ್ಕೆ. ಅಲ್ಲಿಗೆ ಡ್ರಾ. ಇದೇ ಸ್ಥಿತಿಯಲ್ಲಿ ಕಪ್ಪು ರಾಜನನ್ನು ಎಫ್7ರಲ್ಲಿಟ್ಟು ಒಮ್ಮೆ ಆಡಿ ನೋಡಿ: ಎ7, ಆನೆ ಎ6, ಬಿಳಿ ಆನೆ ಎಚ್8. ಕಪ್ಪು ಸೋಲುತ್ತದೆ.