ಸಿಂಗಳೀಕದ ಕಾಡು, ಉಪ್ಪಾಗೆಯ ದರ

ಶಿರಸಿ–ಹೊನ್ನಾವರ ಘಟ್ಟದ ಸಿಂಗಳೀಕಕ್ಕೆ ಬೇಟೆಯ ಜೊತೆಗೆ ಇನ್ನೊಂದು ಕಂಟಕ ಒದಗಿದ್ದು ಹುಳಿಹಣ್ಣೊಂದರ ದರದಿಂದ. ಸಾರಿಗೆ ಹುಳಿ, ಬೀಜದಿಂದ ತುಪ್ಪ: ಉಪ್ಪಾಗೆಯ ಬಳಕೆ ಹೆಚ್ಚುಕಡಿಮೆ ಇಷ್ಟೇ ಇತ್ತು. 1990ರ ದಶಕದಲ್ಲಿ ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಬೊಜ್ಜು ಕರಗಿಸುವ ಮಾತ್ರೆಯವರು ಬೆನ್ನುಬಿದ್ದರು, ದರ ಏರಿತು. (ಬೊಜ್ಜು ಕರಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ಅದು ಬೇರೆ ಮಾತು.)

ಕೊಯ್ಲು ಮಳೆಗಾಲದಲ್ಲಿ. ಹಣ್ಣು ಮಾಗಲೆಂದು ಕಾದವರಿಗೇ ನಷ್ಟ, ಅಷ್ಟರಲ್ಲಿ ಬೇರೆಯವರು ಕೊಯ್ದಿರುತ್ತಾರೆ. ಹಾಗಾಗಿ ಹಸಿ ಕಾಯಿಗೇ ಕೈ, ಅವಸರವಾದರೆ ಕೊಂಬೆಗೇ ಕತ್ತಿ. ಉಪ್ಪಾಗೆಯಲ್ಲಿ ಗಂಡು, ಹೆಣ್ಣು ಮರ ಬೇರೆ ಬೇರೆ. ಕೊಂಬೆ ಕಳೆದುಕೊಳ್ಳುವುದು ಫಲ ಬಿಡುವ ಹೆಣ್ಣುಮರವೇ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಆ ಸೌದೆಯೂ ಅದೇ ಕಾಡಿನದು. ಮರದ ಮೇಲೇ ಬದುಕುವ, ಹೆಚ್ಚಾಗಿ ಹಣ್ಣನ್ನೇ ನಂಬಿದ ಸಿಂಗಳೀಕಕ್ಕೆ ಮೇವೂ ಹೋಯಿತು, ದಾರಿಯೂ ಹೋಯಿತು. ಹೆಣ್ಣು ಮೊದಲ ಮರಿ ಹಾಕುವುದು ಸುಮಾರು ಆರು ವರ್ಷಕ್ಕೆ, ಆಮೇಲೂ ಎರಡು ಮೂರು ವರ್ಷಕ್ಕೊಂದು. ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳದು.

ಅರಣ್ಯ ಇಲಾಖೆ ಉಪ್ಪಾಗೆ ಸಂಗ್ರಹದ ಹಕ್ಕನ್ನು ಹರಾಜು ಹಾಕುತ್ತಿತ್ತು. ಅಲ್ಪಾವಧಿಯ ಗುತ್ತಿಗೆದಾರನಿಗೆ ಮುಂದಿನ ಫಸಲಿನ ಗೊಡವೆ ಏಕೆ? ಗ್ರಾಮ ಅರಣ್ಯ ಸಮಿತಿಗಳ ಮೂಲಕ ಮಾಗಿದ ಮೇಲೇ ಕೊಯ್ಯುವ, ಕಡಿಮೆ ಸೌದೆಯ ಒಲೆ ಬಳಸುವ ಪ್ರಯತ್ನಗಳು ಹುಟ್ಟಿದ್ದು ಇದೇ ಕಾರಣಕ್ಕೆ.

ಈ ಕಾಡಿನಲ್ಲಿ ಸಿಂಗಳೀಕದ 30ಕ್ಕೂ ಹೆಚ್ಚು ಗುಂಪುಗಳಿವೆ ಎಂದು 2008ರ ಹೊತ್ತಿಗೆ ಅಂದಾಜಾಯಿತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು, ಸುಮಾರು 300 ಚದರ ಕಿ.ಮೀ. ಅಭಯಾರಣ್ಯವನ್ನು ಬಿಟ್ಟು ಮೀಸಲನ್ನೇ ಆರಿಸಿದ್ದರ ಮರ್ಮ ಕಾನೂನಿನಲ್ಲಿದೆ. ವನ್ಯಜೀವಿ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ ತೆಗೆದ ಅರಣ್ಯ ಉತ್ಪನ್ನ ಸುತ್ತಲಿನವರ ಮನೆಬಳಕೆಗೆ ಆದೀತು, ಮಾರಾಟಕ್ಕೆ ಸಲ್ಲದು. 2002ರ ತಿದ್ದುಪಡಿಯಿಂದ ಬಂದ ಸಂರಕ್ಷಣಾ ಮೀಸಲಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಬೇಟೆ ನಿಲ್ಲಬೇಕು, ಉಪ್ಪಾಗೆ ವ್ಯಾಪಾರವೂ ಅಡಿಕೆ ತೋಟದವರು ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟವೂ ಉಳಿಯಬೇಕು ಎಂದರೆ ಇದ್ದ ದಾರಿ ಇದೊಂದೇ.

2019ರಲ್ಲಿ ಈ ಮೀಸಲನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು 930 ಚದರ ಕಿ.ಮೀ.ಗೆ ಹಿಗ್ಗಿಸಲಾಯಿತು. ನಕ್ಷೆಗೆ ಲಾಭ, ಮರ ಕಾಯ್ದವರಿಗೆ ಸಿಗುತ್ತಿದ್ದ ಪ್ರತಿಫಲದ ಮೇಲೆ ಮತ್ತೆ 29ನೇ ಸೆಕ್ಷನ್‌ನ ನೆರಳು. ಉಳಿದ ಬಾಗಿಲು 2006ರ ಅರಣ್ಯ ಹಕ್ಕು ಕಾಯ್ದೆ. ಅದರಡಿ ಮಂಜೂರಾದ ಕಿರು ಅರಣ್ಯ ಉತ್ಪನ್ನದ ಹಕ್ಕು ಅಭಯಾರಣ್ಯದಲ್ಲೂ ನಡೆಯುತ್ತದೆ, ಮಾರಾಟವೂ ಸೇರಿ. ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ಸಾಬೀತು ಮಾಡಬೇಕು. ಉತ್ತರ ಕನ್ನಡ ಜಿಲ್ಲೆಯ ಅರ್ಜಿಗಳು ದೊಡ್ಡ ಸಂಖ್ಯೆಯಲ್ಲಿ ಎಡವಿರುವುದು ಅಲ್ಲೇ.